ಫೌಂಡ್ರಿ ಕಾರ್ಮಿಕನ ಮಗಳು ಮಾಲೀಕರ ಪರ ವಕೀಲಿಕೆ ಮಾಡಬಹುದೇ?

ಮೂರನೇ ಗೇಟಿನವಳು ಕೇಳಿದ್ದು:

ವಕೀಲಿ ಸನ್ನದು ಪಡೆದು ಎರಡೂವರೆ ವರ್ಷವಾಯಿತು. ಬೆಳಗಾವಿಯಲ್ಲೇ ಒಬ್ಬ ಸಿವಿಲ್ ವಕೀಲರ ಬಳಿ ಜೂನಿಯರ್ ಆಗಿದ್ದೇನೆ. ಆಸ್ತಿ ಪಾಲಿನ ವಾಟ್ನಿ ದಾವೆ, ತಡೆಯಾಜ್ಞೆ, ಮುಂದಿನ ತಾರೀಖು. ಮತ್ತೆ ವಾಟ್ನಿ ದಾವೆ. ಸಿಗುವ ಹಣ ಸ್ಕೂಟಿಯ ಪೆಟ್ರೋಲಿಗೆ, ಕೋಟು ಇಸ್ತ್ರಿ ಮಾಡಿಸುವುದಕ್ಕೆ ಸಾಲುತ್ತದೆ.

ಈಗ ಕಾರ್ಖಾನೆ ಮಾಲೀಕರ ಪರ ಕಾರ್ಮಿಕ ಪ್ರಕರಣಗಳನ್ನೇ ನಡೆಸುವ ಹಿರಿಯ ವಕೀಲರೊಬ್ಬರು ತಮ್ಮ ಕಚೇರಿಗೆ ಕರೆದಿದ್ದಾರೆ. ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯ ಹಲವು ಘಟಕಗಳು ಅವರ ಕೈಯಲ್ಲಿವೆ. ತಿಂಗಳಿಗೆ ನಿಗದಿತ ಹಣ ಕೊಡುತ್ತೇನೆ ಎಂದಿದ್ದಾರೆ. ಈ ಊರಿನಲ್ಲಿ ಜೂನಿಯರಿಗೆ ನಿಗದಿತ ಹಣ ಎಂದರೆ ಏನೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ.

ತೊಡಕು ಬೇರೆ ಇದೆ. ನನ್ನ ಅಪ್ಪ ಇಪ್ಪತ್ತಾರು ವರ್ಷ ಒಂದು ಫೌಂಡ್ರಿಯ ಫೆಟ್ಲಿಂಗ್ ವಿಭಾಗದಲ್ಲಿದ್ದರು. ಎರಕದಿಂದ ಹೊರಬಂದ ಕಾಸ್ಟಿಂಗಿನ ಅಂಚುಗಳನ್ನು ಗ್ರೈಂಡರಿನಿಂದ ಉಜ್ಜುವ ಕೆಲಸ. ಈಗಲೂ ಟಿ.ವಿ.ಯನ್ನು ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಇಡುತ್ತಾರೆ. ವಿಷಯ ಹೇಳಿದಾಗ ಊಟಕ್ಕೆ ಕುಳಿತಿದ್ದರು. ‘ಅವರು ದೊಡ್ಡ ವಕೀಲರು. ನಮ್ಮ ಕಾರ್ಖಾನೆಗೂ ಬರುತ್ತಿದ್ದರು’ ಎಂದು ಹೇಳಿ ರೊಟ್ಟಿ ಮುರಿದುಕೊಂಡರು. ಆಮೇಲೆ ಮಾತಿಲ್ಲ. ಮೂರು ದಿನದಿಂದ ಇಲ್ಲ.

ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ತಿಳಿಸಿ. ದಿನವಿಡೀ ಮಾಡುವ ಕೆಲಸವೇನು? ಹೊಸ ಕಾರ್ಮಿಕ ಸಂಹಿತೆಗಳು ಬಂದ ಮೇಲೆ ಇದಕ್ಕೆ ಭವಿಷ್ಯ ಇದೆಯೇ? ರಾತ್ರಿ ನಿದ್ದೆ ಬರುತ್ತದೆಯೇ?

ಗೋಕಾಕದ ನೀರು ಉತ್ತರಿಸಿದ್ದು:

ಹೋಗಿ ಸೇರಿಕೊಳ್ಳಿ ಮೇಡಂ. ಕಳ್ಳನ ಪರ ವಕಾಲತ್ತು ಹಾಕಿದವರನ್ನು ಯಾರೂ ಕಳ್ಳ ಎನ್ನುವುದಿಲ್ಲ. ಫೀಸು ಹೊತ್ತಿಗೆ ಸರಿಯಾಗಿ ಕೊಡುವ ಕಕ್ಷಿದಾರ ಯಾವ ಪಕ್ಷದವನಾದರೂ ದೇವರ ಸಮಾನ.

ಹಳೆಯ ಕೋಟು ಉತ್ತರಿಸಿದ್ದು:

ತಂಗಿ, ನಾನು ಮೂವತ್ತು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಮೇಲಿನವರ ಮಾತು ಕೇಳಲು ಚೆನ್ನಾಗಿದೆ, ಆದರೆ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಕಳ್ಳನ ವಕೀಲ ಕಳ್ಳತನ ಮುಗಿದ ಮೇಲೆ ಬರುತ್ತಾನೆ. ಕಾರ್ಖಾನೆಯ ವಕೀಲನಿಗೆ ಮಾಲೀಕರು ಕೆಲಸದಿಂದ ತೆಗೆಯುವ ಮೊದಲೇ ಫೋನ್ ಮಾಡುತ್ತಾರೆ. ಆ ಫೋನಿಗೆ ಏನು ಉತ್ತರ ಕೊಡುತ್ತೀರಿ ಎಂಬುದರಲ್ಲೇ ನಿಮ್ಮ ವೃತ್ತಿ ಇದೆ.

ಮೊದಲು ದಿನಚರಿ ಹೇಳುತ್ತೇನೆ. ಕಾರ್ಮಿಕ ನ್ಯಾಯಾಲಯದಲ್ಲಿ ಕಾರ್ಮಿಕನು ಪ್ರಥಮ ಪಕ್ಷ, ನಾವು ಯಾವಾಗಲೂ ದ್ವಿತೀಯ ಪಕ್ಷ. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆ, 1947ರ ಪ್ರಕಾರ ವಕೀಲನು ಅಲ್ಲಿ ನಿಲ್ಲಬೇಕಾದರೆ ಎದುರು ಪಕ್ಷದ ಒಪ್ಪಿಗೆ ಬೇಕು, ನ್ಯಾಯಾಲಯದ ಅನುಮತಿಯೂ ಬೇಕು. ಹೆಚ್ಚಿನ ಸಲ ಎರಡೂ ಕಡೆ ವಕೀಲರಿರುವುದರಿಂದ ಅದು ತೊಂದರೆ ಕೊಡುವುದಿಲ್ಲ. ಆದರೆ ನನ್ನ ಮೊದಲ ವರ್ಷದಲ್ಲೇ ಒಬ್ಬ ಸಂಘದ ಮುಖಂಡರು ಎದ್ದು ನಿಂತು ‘ಇವರಿಗೆ ನಮ್ಮ ಒಪ್ಪಿಗೆ ಇಲ್ಲ’ ಎಂದರು. ವಕಾಲತ್ತುನಾಮೆ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಇನ್ನು ಕಾರ್ಮಿಕ ಅಧಿಕಾರಿಯ ಮುಂದಿನ ಸಂಧಾನದಲ್ಲಿ ವಕೀಲನಿಗೆ ಪ್ರವೇಶವೇ ಇಲ್ಲ. ಮ್ಯಾನೇಜರ್ ಒಳಗೆ, ನಾನು ಹೊರಗಿನ ಬೆಂಚಿನಲ್ಲಿ. ಹತ್ತು ನಿಮಿಷಕ್ಕೊಮ್ಮೆ ಆತ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು ‘ಈಗ ಏನು ಹೇಳಲಿ?’ ಎಂದು ಕೇಳುತ್ತಾನೆ. ಈ ವೃತ್ತಿಯ ಅರ್ಧ ಕೆಲಸ ಆ ಬೆಂಚಿನ ಮೇಲೆ ನಡೆಯುತ್ತದೆ.

ಉಳಿದ ಅರ್ಧ ಮಸ್ಟರ್ ಪುಸ್ತಕದಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿದೆ. ಫೌಂಡ್ರಿಯಿಂದ ಬಂದ ಮಸ್ಟರನ್ನು ಬಿಳಿ ಅಂಗಿ ಹಾಕಿಕೊಂಡು ತೆರೆಯಬೇಡಿ, ಮೋಲ್ಡಿಂಗಿನ ಕಪ್ಪು ಮರಳಿನ ಪುಡಿ ಹಾಳೆಗಳ ನಡುವೆ ಕುಳಿತಿರುತ್ತದೆ. ಇಡೀ ತಿಂಗಳ ಹಾಜರಿ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಇದ್ದರೆ ಅದನ್ನು ಒಬ್ಬನೇ ಒಂದೇ ಸಂಜೆ ಕುಳಿತು ಬರೆದಿದ್ದಾನೆ ಎಂದು ತಿಳಿಯಿರಿ. ನಿಮಗೆ ಕಂಡದ್ದು ಎದುರು ವಕೀಲರಿಗೂ ಕಾಣುತ್ತದೆ. ‘ಇವನು ವರ್ಷದಲ್ಲಿ 240 ದಿನ ತುಂಬಿಸಿಲ್ಲ, 214ಕ್ಕೇ ನಿಲ್ಲಿಸಿದೆವು’ ಎಂದು ಮಾಲೀಕರು ಜಾಣತನದ ನಗೆ ನಗುತ್ತಾರೆ. ಸಂಬಳ ಸಲ್ಲುವ ಭಾನುವಾರಗಳನ್ನೂ ರಜೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಕೂಡಿಸಿ ನೋಡಿದರೆ 250 ದಾಟಿರುತ್ತದೆ. ಅಂದರೆ ಆತ 240 ತುಂಬಿಸಿದವನೇ, ಒಂದು ತಿಂಗಳ ನೋಟಿಸು ಅಥವಾ ಅದರ ವೇತನ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನ ಕೊಡದೆ ತೆಗೆದದ್ದು ಕಾನೂನುಬಾಹಿರ. ಆ ನಗೆಯನ್ನು ನೀವು ನಂದಿಸಬೇಕು. ಅದಕ್ಕೇ ಫೀಸು.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಜೂನಿಯರ್‌ಗಳಿಗೆಲ್ಲ ಹೇಳುತ್ತೇನೆ, ನಿಮಗೂ ಹೇಳುತ್ತೇನೆ.

2003ರ ಆಗಸ್ಟ್. ಒಂದು ಸಣ್ಣ ಫೌಂಡ್ರಿ, ರಾತ್ರಿ ಪಾಳಿ. ಭಟ್ಟಿಯ ಹತ್ತಿರ ಕೆಲಸ ಮಾಡುವವನೊಬ್ಬ ನಿದ್ದೆ ಹೋದ. ಕರಗಿದ ಕಬ್ಬಿಣ ಇರುವ ಜಾಗದಲ್ಲಿ ನಿದ್ದೆ ಎಂದರೆ ಸಣ್ಣ ಮಾತಲ್ಲ, ಮಾಲೀಕರ ಸಿಟ್ಟಿಗೆ ಕಾರಣವಿತ್ತು. ಆಪಾದನಾ ಪತ್ರ ಕೊಟ್ಟರು, ಇಂಗ್ಲಿಷಿನಲ್ಲಿ. ಆತನಿಗೆ ಓದಲು ಬರುತ್ತಿದ್ದುದು ಮರಾಠಿ ಮಾತ್ರ. ಆಂತರಿಕ ವಿಚಾರಣೆ ಒಂದೇ ಸಂಜೆಯಲ್ಲಿ ಮುಗಿಯಿತು. ಸಾಕ್ಷಿಯನ್ನು ಪ್ರಶ್ನಿಸಲು ಆತನಿಗೆ ಅವಕಾಶ ಕೊಡಲಿಲ್ಲ. ವಿಚಾರಣಾಧಿಕಾರಿ ಯಾರು? ಮಾಲೀಕರ ಷಡ್ಡಕ. ವಜಾ ಆದೇಶ ಹೊರಟ ಮೇಲೆ ಫೈಲು ನನ್ನ ಮೇಜಿಗೆ ಬಂತು.

ಆತ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದ. ನಾವು ಕೆ.ಐ.ಡಿ. ಎನ್ನುತ್ತೇವಲ್ಲ, ಕರ್ನಾಟಕದ ತಿದ್ದುಪಡಿಯಿಂದ ಬಂದ ಆ ನೇರ ಅರ್ಜಿ. ನಾನು ಕೈಫಿಯತ್ತು, ಅಂದರೆ ನಮ್ಮ ಕಡೆಯ ಲಿಖಿತ ಉತ್ತರ, ಬರೆದೆ. ಒಂಬತ್ತು ಪುಟ. ಭಟ್ಟಿಯ ಅಪಾಯ, ಶಿಸ್ತಿನ ಮಹತ್ವ, ಎಲ್ಲವೂ ಇತ್ತು. ಒಂದು ಸಾಲು ಇರಲಿಲ್ಲ: ‘ಒಂದು ವೇಳೆ ಆಂತರಿಕ ವಿಚಾರಣೆ ನ್ಯಾಯಸಮ್ಮತವಲ್ಲ ಎಂದು ತೀರ್ಮಾನವಾದರೆ, ಆರೋಪವನ್ನು ಈ ನ್ಯಾಯಾಲಯದ ಮುಂದೆಯೇ ಸಾಕ್ಷ್ಯದಿಂದ ರುಜುವಾತುಪಡಿಸಲು ಅನುಮತಿ ನೀಡಬೇಕು.’ ಆ ಅನುಮತಿಯನ್ನು ಕೈಫಿಯತ್ತಿನಲ್ಲೇ ಕೇಳಿರಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲಿ ಹೇಳಿತ್ತು. ಅದು ನಮ್ಮದೇ ರಾಜ್ಯದ ರಸ್ತೆ ಸಾರಿಗೆ ನಿಗಮ ಮತ್ತು ಲಕ್ಷ್ಮೀದೇವಮ್ಮ ಅವರ ಪ್ರಕರಣ. ನಾನು ಓದಿರಲಿಲ್ಲ.

ಆಂತರಿಕ ವಿಚಾರಣೆ ನ್ಯಾಯಸಮ್ಮತವಲ್ಲ ಎಂದು ಬಿದ್ದುಹೋಯಿತು. ಸಾಕ್ಷಿ ತರಲು ದಾರಿ ಇರಲಿಲ್ಲ. ಆ ರಾತ್ರಿ ಆತನನ್ನು ಎಬ್ಬಿಸಿದ ಫೋರ್‌ಮನ್ ನ್ಯಾಯಾಲಯದ ಕಾರಿಡಾರಿನಲ್ಲೇ ಕುಳಿತಿದ್ದ, ಆತನನ್ನು ಯಾರೂ ಒಳಗೆ ಕರೆಯಲಿಲ್ಲ. 2008ರ ನವೆಂಬರಿನಲ್ಲಿ ತೀರ್ಪು: ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು, ಹಿಂದಿನ ವೇತನದ ಅರ್ಧ ಕೊಡಬೇಕು. ತಿಂಗಳಿಗೆ 4,800 ರೂಪಾಯಿ, 63 ತಿಂಗಳು, ಅರ್ಧಕ್ಕೆ 1,51,200. ಮಾಲೀಕರು ಹಟ ಹಿಡಿದರು, ರಿಟ್ ಅರ್ಜಿ ಹಾಕಿದೆವು. ಧಾರವಾಡದಲ್ಲಿ ಹೈಕೋರ್ಟ್ ಪೀಠ ಅದೇ ವರ್ಷ ಜುಲೈನಲ್ಲಿ ಶುರುವಾಗಿತ್ತು, ಬೆಂಗಳೂರಿಗೆ ರಾತ್ರಿ ರಾಣಿ ಚನ್ನಮ್ಮ ರೈಲು ಹಿಡಿಯುವುದು ತಪ್ಪಿತ್ತು. (ಆ ರೈಲಿನ ಮೇಲಿನ ಬರ್ತಿನಲ್ಲಿ ನಾನು ಕಲಿತ ಕಾನೂನು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು.) ರಿಟ್ ಬಾಕಿ ಇರುವವರೆಗೆ ಆ ಹಳೆಯ ಕಾಯ್ದೆಯ ಕಲಂ 17-ಬಿ ಪ್ರಕಾರ ಆತನಿಗೆ ಕೊನೆಯ ವೇತನ ಕೊಡುತ್ತಲೇ ಇರಬೇಕು. ನಾಲ್ಕು ವರ್ಷ, 2,30,400. ಕೊನೆಗೆ ರಿಟ್ ವಜಾ.

ಒಟ್ಟು 3,81,600 ಎಂದು ಆ ದಿನದ ಕಾಸ್ ಲಿಸ್ಟಿನ ಹಿಂಬದಿಯಲ್ಲಿ ಬರೆದು ಮಾಲೀಕರ ಮುಂದೆ ಇಟ್ಟೆ. ಕಾರ್ಮಿಕ ಅಧಿಕಾರಿಯ ಮುಂದೆ, ಮೊದಲ ತಿಂಗಳಲ್ಲೇ, ಆತ ಕೇಳಿದ್ದು 35,000. ಕಾರಿಡಾರಿನಲ್ಲಿ ಕುಳಿತಿದ್ದ ಫೋರ್‌ಮನ್ನನ ವಿಷಯವನ್ನೂ, ಬಿಟ್ಟುಹೋದ ಸಾಲಿನ ವಿಷಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಆ ಹಾಳೆ ನೋಡಿದರು. ಚಹಾ ತಣ್ಣಗಾಯಿತು. ‘ಆ ದಿನ 35,000 ಕೊಡಿ ಎಂದು ನೀವು ಯಾಕೆ ಗಟ್ಟಿಯಾಗಿ ಹೇಳಲಿಲ್ಲ?’ ಎಂದರು. ನಾನು ಹೇಳಿದ್ದೆ, ಆದರೆ ಮೆಲ್ಲಗೆ. ಹೊಸ ಕಕ್ಷಿದಾರ ಕೈ ತಪ್ಪಬಾರದಲ್ಲ.

ಅಂದಿನಿಂದ ಗಟ್ಟಿಯಾಗಿ ಹೇಳುತ್ತೇನೆ. ಹಾಗೆ ಹೇಳಿ ಕೆಲವು ಕಕ್ಷಿದಾರರನ್ನು ಕಳೆದುಕೊಂಡಿದ್ದೇನೆ. ‘ನೀವು ಯಾರ ವಕೀಲರು?’ ಎಂಬ ಪ್ರಶ್ನೆ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಅದು ಬರದಿದ್ದ ವರ್ಷ ನಾನು ಕೆಲಸ ಸರಿಯಾಗಿ ಮಾಡಿಲ್ಲ ಎಂದುಕೊಳ್ಳುತ್ತೇನೆ.

ಹೊಸ ಸಂಹಿತೆಗಳ ಬಗ್ಗೆ ಕೇಳಿದಿರಿ. ನಾಲ್ಕೂ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಲೇ ಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು), ಛಾಟಣಿ (ಸಿಬ್ಬಂದಿ ಕಡಿತ), ಕಾರ್ಖಾನೆ ಮುಚ್ಚುವಿಕೆಗೆ ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿ 100 ಜನರಿಂದ 300ಕ್ಕೆ ಏರಿತು. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಬಂತು. ‘ವೇತನ’ದ ವ್ಯಾಖ್ಯೆ ಬದಲಾಗಿದ್ದರಿಂದ ಮೂಲ ವೇತನ ಕಡಿಮೆ ತೋರಿಸಿ ಭತ್ಯೆಗಳಲ್ಲಿ ತುಂಬಿಸುವ ಹಳೆಯ ಕಸರತ್ತು ನಡೆಯುವುದಿಲ್ಲ. ಇಷ್ಟೆಲ್ಲ ಬದಲಾದಾಗ ವಕೀಲರಿಗೆ ಕೆಲಸ ಕಡಿಮೆಯಾದದ್ದನ್ನು ನಾನಂತೂ ನೋಡಿಲ್ಲ. ಹಳೆಯ ಫೈಲುಗಳಿಗೆ ಹಳೆಯ ಕಲಂ, ಹೊಸ ಫೈಲಿಗೆ ಹೊಸದು, ಎರಡನ್ನೂ ಓದಬೇಕು. ನಿಮ್ಮ ವಯಸ್ಸಿನವರಿಗೆ ಇದು ಒಳ್ಳೆಯ ಕಾಲ. ಹಿರಿಯರಿಗೂ ನಿಮಗೂ ಹೊಸ ಪುಸ್ತಕ ಒಂದೇ ದಿನ ಕೈಗೆ ಬಂದಿದೆ.

ಇನ್ನೊಂದು. ಆಂತರಿಕ ವಿಚಾರಣೆಗೆ ವಿಚಾರಣಾಧಿಕಾರಿಯಾಗಿ ವಕೀಲರನ್ನು ನೇಮಿಸುವ ರೂಢಿ ಇದೆ. ಹಣ ಕೈಗೆ ಬೇಗ ಬರುತ್ತದೆ. ನೀವು ನೇಮಕವಾದರೆ, ಅದೇ ಕಾರ್ಖಾನೆಯ ಪರವಾಗಿ ಅದೇ ವಿಷಯದಲ್ಲಿ ಮುಂದೆ ನಿಲ್ಲಬೇಡಿ. ಕಾರ್ಮಿಕನಿಗೆ ಯಾವ ಭಾಷೆ ಬರುತ್ತದೆ ಎಂದು ಮೊದಲ ದಿನವೇ ಕೇಳಿ, ಕೇಳಿದ್ದನ್ನು ಬರೆದುಕೊಳ್ಳಿ, ಆತನ ಸಹಿ ತೆಗೆದುಕೊಳ್ಳಿ. ನಮ್ಮ ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ಶೆಡ್ಡಿನಲ್ಲಿರುತ್ತವೆ. ಈಚೆಗೆ ಹಿಂದಿಯೂ ಸೇರಿದೆ.

ನಿದ್ದೆಯ ವಿಷಯ ಹೇಳಿಲ್ಲ. ಬರುತ್ತದೆ. ಒಮ್ಮೊಮ್ಮೆ ತಡವಾಗಿ.

ಬಾಗಲಕೋಟೆ ಬಿಸಿಲು ಉತ್ತರಿಸಿದ್ದು:

ಹಿರಿಯರು ಚೆನ್ನಾಗಿ ಬರೆದಿದ್ದಾರೆ. ನಾನು ಎದುರು ಕಡೆಯವನು, ಹದಿನೆಂಟು ವರ್ಷಗಳಿಂದ ಕಾರ್ಮಿಕರ ಪರ. ಹೆಚ್ಚಿನವು ಸಕ್ಕರೆ ಕಾರ್ಖಾನೆಗಳ ಸೀಸನ್ ಕಾರ್ಮಿಕರ ಪ್ರಕರಣಗಳು. ಆದರೆ ಸಾಹೇಬರು ತಮ್ಮ ಕಡೆಯವರ ಮುಖ್ಯ ಆಯುಧದ ಹೆಸರನ್ನೇ ಹೇಳಲಿಲ್ಲ. ಅದು ಕಲಮೂ ಅಲ್ಲ, ತೀರ್ಪೂ ಅಲ್ಲ, ತಾರೀಖು.

ಮಾಲೀಕರಿಗೆ ಒಂದು ತಾರೀಖು ಎಂದರೆ ಮ್ಯಾನೇಜರನ ಅರ್ಧ ದಿನ. ನನ್ನ ಕಕ್ಷಿದಾರನಿಗೆ ಅದು ಒಂದು ದಿನದ ಕೂಲಿ, ಬಸ್ ಖರ್ಚು, ಮನೆಯಲ್ಲಿ ಹೆಂಡತಿಯ ಮುಖ. ‘ಸಾಕ್ಷಿ ಊರಿನಲ್ಲಿಲ್ಲ’, ‘ದಾಖಲೆ ಹುಡುಕುತ್ತಿದ್ದೇವೆ’, ‘ವಕೀಲರಿಗೆ ಹೈಕೋರ್ಟಿನಲ್ಲಿ ಕೆಲಸವಿದೆ’. ಹೀಗೆ ಹದಿನಾಲ್ಕು ಸಲ ಮುಂದೂಡಿಸಿಕೊಂಡ ಪ್ರಕರಣವೊಂದರಲ್ಲಿ ನನ್ನ ಕಕ್ಷಿದಾರ ಪಾಟೀ ಸವಾಲಿನ ಮಧ್ಯದಲ್ಲೇ ತೀರಿಕೊಂಡ. ಅಂದರೆ ಅರ್ಧ ಪಾಟೀ ಸವಾಲು ಆಗಿತ್ತು, ಉಳಿದರ್ಧಕ್ಕೆ ಎರಡು ತಿಂಗಳ ತಾರೀಖು ಕೊಟ್ಟಿದ್ದರು. ವಾರಸುದಾರರನ್ನು ಸೇರಿಸಿ ನಡೆಸಿದೆವು. ಗೆದ್ದೆವು ಕೂಡ. ತೀರ್ಪಿನ ಪ್ರತಿ ಕೊಡಲು ಹೋದಾಗ ಆ ತಾಯಿ ಅದನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದಳು.

ತಂಗಿ, ನೀವು ಆ ಕಚೇರಿ ಸೇರಿದರೆ ನನಗೆ ಬೇಸರವಿಲ್ಲ. ಮಸ್ಟರನ್ನು ಸರಿಯಾಗಿ ಓದಿ, ಮಾಲೀಕರಿಗೆ ಬೈದು, ರಾಜಿಗೆ ತರುವ ವಕೀಲರು ಎದುರಿಗಿದ್ದರೆ ನನ್ನ ಕಕ್ಷಿದಾರನಿಗೆ ಬೇಗ ದುಡ್ಡು ಸಿಗುತ್ತದೆ. ಆದರೆ ‘ಎಳೆಯಿರಿ’ ಎಂದು ನಿಮ್ಮ ಹಿರಿಯರು ಹೇಳಿದ ದಿನ ಏನು ಮಾಡುತ್ತೀರಿ ಎಂದು ಈಗಲೇ ಯೋಚಿಸಿ.

ಹಳೆಯ ಕೋಟು ಉತ್ತರಿಸಿದ್ದು:

ಒಪ್ಪಿದೆ ಬಾಗಲಕೋಟೆಯವರೇ. ನಾನೂ ಎಳೆದಿದ್ದೇನೆ. ಹದಿನಾಲ್ಕು ಇರಲಿಕ್ಕಿಲ್ಲ, ಆದರೆ ಎಣಿಸಿದವನೂ ಅಲ್ಲ.

ಮಚ್ಛೆಯ ಲೇಥು ಉತ್ತರಿಸಿದ್ದು:

ವಕೀಲರೇ ಮಾತನಾಡುತ್ತಿದ್ದೀರಿ, ಮಾಲೀಕನ ಮಾತೂ ಒಂದಿರಲಿ. ನನ್ನದು ಎಂಟು ಜನರ ಘಟಕ. ನಾನೂ ಬೆಳಿಗ್ಗೆ ಲೇಥಿನ ಮುಂದೆ ನಿಲ್ಲುವವನೇ. ಮೂರು ವರ್ಷದ ಹಿಂದೆ ಪ್ರೆಸ್ಸಿನಲ್ಲಿ ಒಬ್ಬ ಹುಡುಗನ ಎರಡು ಬೆರಳು ಹೋದವು. ಆಸ್ಪತ್ರೆ ಖರ್ಚು ಕೊಟ್ಟೆ, ಮೇಲೆ 20,000 ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳೋಣ ಎಂದುಕೊಂಡು ವಕೀಲರ ಬಳಿ ಹೋದೆ. ಅವರು ಆ ಕಾಗದವನ್ನು ಓದಿ, ಮಡಚಿ, ನನ್ನ ಜೇಬಿಗೇ ಇಟ್ಟರು. ‘ನೌಕರರ ಪರಿಹಾರದ ಕಾಯ್ದೆಯಲ್ಲಿ ಒಂದು ತಿಂಗಳೊಳಗೆ ಪರಿಹಾರ ಕಟ್ಟಬೇಕು. ತಡವಾದರೆ ಶೇ. 12ರ ಬಡ್ಡಿ, ಸಕಾರಣವಿಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದವರೆಗೆ ದಂಡ. ಈ ಕಾಗದಕ್ಕೆ ರದ್ದಿಯ ಬೆಲೆಯೂ ಇಲ್ಲ’ ಎಂದರು. ವಿಮೆ ಇರಲಿಲ್ಲ. ಸಾಲ ತಂದು ಕಟ್ಟಿದೆ. ಆ ಹುಡುಗ ಈಗಲೂ ನನ್ನಲ್ಲೇ ಇದ್ದಾನೆ, ಸ್ಟೋರ್ ನೋಡಿಕೊಳ್ಳುತ್ತಾನೆ.

ಆ ವಕೀಲರ ಮೇಲೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಅವರಿಗೇ ಫೋನ್ ಮಾಡುತ್ತೇನೆ. ಒಂದು ವಿನಂತಿ ಮೇಡಂ: ನಮ್ಮಂಥವರಿಗೆ ಬರೆಯುವ ಪತ್ರವನ್ನು ಕನ್ನಡದಲ್ಲಿ ಬರೆಯಿರಿ. ನಿಮ್ಮ ಇಂಗ್ಲಿಷ್ ಪತ್ರ ಓದಿಸಲು ಇನ್ನೊಬ್ಬ ವಕೀಲರ ಬಳಿ ಹೋಗಬೇಕಾಗುತ್ತದೆ.

ಮೂರನೇ ಗೇಟಿನವಳು ಉತ್ತರಿಸಿದ್ದು:

ಎಲ್ಲರಿಗೂ ಧನ್ಯವಾದ. ಹಳೆಯ ಕೋಟು ಸರ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಜೋರಾಗಿಯೇ. ಭಟ್ಟಿಯ ಹತ್ತಿರ ನಿದ್ದೆ ಹೋದವನ ಕಥೆಗೆ ನಕ್ಕರು. ‘ಅವನನ್ನು ಆ ಸ್ಥಳದಿಂದ ಬದಲಾಯಿಸಿದ್ದರೆ ಮುಗಿಯುತ್ತಿತ್ತು’ ಎಂದರು. 35,000ದ ಲೆಕ್ಕ ಬಂದಾಗ ಎದ್ದು ಒಳಗೆ ಹೋಗಿ, ದೇವರ ಫೋಟೊದ ಹಿಂದಿನಿಂದ ಒಂದು ಲಕೋಟೆ ತಂದರು.

ಅಪ್ಪ 2023ರ ಮಾರ್ಚಿನಲ್ಲಿ ನಿವೃತ್ತರಾದರು. ಅವರ ಗ್ರಾಚ್ಯುಟಿ ಲೆಕ್ಕ ಹಾಕಿದೆ. ಕೊನೆಯ ವೇತನ, ಮೂಲ ಮತ್ತು ತುಟ್ಟಿಭತ್ಯೆ ಸೇರಿ 15,600. ಅದನ್ನು 26ರಿಂದ ಭಾಗಿಸಿದರೆ 600, ಹದಿನೈದು ದಿನಕ್ಕೆ 9,000, ಇಪ್ಪತ್ತಾರು ವರ್ಷಕ್ಕೆ 2,34,000. ಲಕೋಟೆಯಲ್ಲಿದ್ದ ವೋಚರಿನಲ್ಲಿ 1,40,000 ಇದೆ. ಕೆಳಗೆ ಇಂಗ್ಲಿಷಿನಲ್ಲಿ ‘ಎಲ್ಲ ಬಾಕಿ ಸಂದಿದೆ, ಇನ್ನು ಯಾವ ಹಕ್ಕೂ ಉಳಿದಿಲ್ಲ’ ಎಂಬ ಅರ್ಥದ ಸಾಲು, ಅದರ ಮೇಲೆ ಅಪ್ಪನ ಸಹಿ. ನಾನು ಆಗ ಕಾನೂನು ಕೊನೆಯ ವರ್ಷದಲ್ಲಿದ್ದೆ. ಮನೆಯಲ್ಲೇ ಇದ್ದೆ. ನನಗೆ ತೋರಿಸಿರಲಿಲ್ಲ.

ನಾನೀಗ ಆ ಹಿರಿಯರಿಗೆ ಏನು ಹೇಳಲಿ?

ಹಳೆಯ ಕೋಟು ಉತ್ತರಿಸಿದ್ದು:

ನಿಮ್ಮ ಮೊದಲ ಪತ್ರದಲ್ಲಿ ‘ನಮ್ಮ ಕಾರ್ಖಾನೆಗೂ ಬರುತ್ತಿದ್ದರು’ ಎಂಬ ಮಾತನ್ನು ಓದಿದಾಗಲೇ ನನಗೆ ಏನೋ ತಟ್ಟಿತ್ತು. ಅದನ್ನೇ ಮೊದಲು ಕೇಳಬೇಕಿತ್ತು, ನನ್ನ ಹಳೆಯ ಕಥೆಯಲ್ಲಿ ಮುಳುಗಿಬಿಟ್ಟೆ.

ಲೆಕ್ಕ ಸರಿಯಾಗಿದೆ. ಗ್ರಾಚ್ಯುಟಿಯ ಹಕ್ಕು ಇಂಥ ಕಾಗದದ ಸಹಿಯಿಂದ ಹೋಗುವುದಿಲ್ಲ. ಬಾಕಿ 94,000, ತಡವಾದದ್ದಕ್ಕೆ ಶೇ. 10ರ ಸರಳ ಬಡ್ಡಿ. ಅರ್ಜಿಯ ಅವಧಿ ಮೀರಿದೆ, ಆದರೆ ಸಕಾರಣ ತೋರಿಸಿದರೆ ವಿಳಂಬ ಮನ್ನಾ ಮಾಡಬಹುದು. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷ್ ವೋಚರ್ ಎಂಬುದು ಸಣ್ಣ ಕಾರಣವಲ್ಲ.

ಹಿರಿಯರನ್ನು ಭೇಟಿಯಾಗಿ ನೇರವಾಗಿ ಹೇಳಿ: ನನ್ನ ತಂದೆಯ ಗ್ರಾಚ್ಯುಟಿ ಬಾಕಿ ಇದೆ, ಕಾರ್ಖಾನೆ ನಿಮ್ಮ ಕಕ್ಷಿದಾರರು, ಅರ್ಜಿ ಹಾಕುತ್ತೇವೆ. ಸೇರುವ ಮೊದಲೇ ಹೇಳಿ, ಸೇರಿದ ಮೇಲೆ ಅಲ್ಲ. ಆ ವೋಚರನ್ನು ಅವರೇ ಬರೆಸಿದ್ದರೋ ಇಲ್ಲವೋ ನಿಮಗೆ ಗೊತ್ತಿಲ್ಲ, ಹಾಗಾಗಿ ಆರೋಪ ಮಾಡಬೇಡಿ. ನಾನು ಆ ಕುರ್ಚಿಯಲ್ಲಿದ್ದರೆ ಅದೇ ಸಂಜೆ ಮಾಲೀಕರಿಗೆ ಫೋನ್ ಮಾಡಿ ಚೆಕ್ ಬರೆಯಿರಿ ಎನ್ನುತ್ತೇನೆ. ಅವರು ಹಾಗೆ ಮಾಡಿದರೆ ಆ ಕಚೇರಿಯಲ್ಲಿ ಕಲಿಯುವುದು ಬಹಳ ಇದೆ. ‘ಅಪ್ಪ ಸಹಿ ಹಾಕಿದ್ದಾರಲ್ಲ’ ಎಂದರೆ, ಚಹಾ ಕುಡಿದು ನಮಸ್ಕಾರ ಹೇಳಿ ಬನ್ನಿ.

ಅರ್ಜಿಗೆ ವಕಾಲತ್ತು ಮಾತ್ರ ನೀವು ಹಾಕಬೇಡಿ. ತಂದೆಯ ಪ್ರಕರಣದಲ್ಲಿ ಮಗಳು ಸಾಕ್ಷಿಯಾಗಬೇಕಾಗಿ ಬಂದೀತು. ಬಾಗಲಕೋಟೆಯವರನ್ನು ಕೇಳಿ.

ಬಾಗಲಕೋಟೆ ಬಿಸಿಲು ಉತ್ತರಿಸಿದ್ದು:

ಕೇಳುವುದೇನು, ಕಳಿಸಿ. ಬಸ್ ಖರ್ಚು ಕೊಟ್ಟರೆ ಸಾಕು, ಬೆಳಗಾವಿಗೆ ಹೇಗೂ ಬರುತ್ತಿರುತ್ತೇನೆ. ವೋಚರಿನ ಎರಡೂ ಬದಿಯ ಫೋಟೊ ತೆಗೆಯಿರಿ. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಇದೆಯೋ, ಸಹಿಯ ಮೇಲೆ ಸ್ಟಾಂಪ್ ಇದೆಯೋ ನೋಡಬೇಕು.